ಹಿಂದಿನ ದೀಪ ಹತ್ತಿತು, ಮುಂದಿನದು ಯಾಕೆ ಹತ್ತಲಿಲ್ಲ?

1:24 ಅಳತೆಯ ಪ್ಲಾಸ್ಟಿಕ್ ಕಾರಿನ ಕಿಟ್ ಜೋಡಿಸುತ್ತಿರುವ ಓದುಗರೊಬ್ಬರು ಕೇಳಿದ್ದಾರೆ: "ಮುಂದೆ ಬಿಳಿ ಎಲ್‌ಇಡಿ, ಹಿಂದೆ ಕೆಂಪು ಎಲ್‌ಇಡಿ ಕೂರಿಸಿ, ನಾಲ್ಕನ್ನೂ ಅಕ್ಕಪಕ್ಕ ಒಂದೇ ರೆಸಿಸ್ಟರಿಗೆ ಸೇರಿಸಿ 9 ವೋಲ್ಟ್ ಬ್ಯಾಟರಿ ಕೊಟ್ಟೆ. ಕೆಂಪು ಹತ್ತಿತು, ಬಿಳಿ ಹತ್ತಲೇ ಇಲ್ಲ. ಬಿಳಿ ದೀಪಗಳು ಕೆಟ್ಟಿವೆಯೇ?"

ಕೆಟ್ಟಿಲ್ಲ, ಎಸೆಯಬೇಡಿ.

ಒಂದು ಕೆರೆಯನ್ನು ನೆನೆಸಿಕೊಳ್ಳಿ. ಅದಕ್ಕೆ ಎರಡು ಕೋಡಿ, ಒಂದು ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ಗುಡ್ಡದಿಂದ ಸಣ್ಣ ಕಾಲುವೆಯೊಂದು ಇಳಿದು ಕೆರೆ ತುಂಬಿಸುತ್ತಿದೆ. ಮಟ್ಟ ಏರಿ ತಗ್ಗಿನ ಕೋಡಿ ಮುಟ್ಟಿತೋ, ಬಂದ ನೀರೆಲ್ಲ ಅಲ್ಲಿಂದಲೇ ಹರಿದುಹೋಗುತ್ತದೆ. ಮೇಲಿನ ಕೋಡಿ ಎಷ್ಟು ದಿನ ಕಳೆದರೂ ಒಣಗಿಯೇ ಇರುತ್ತದೆ. ನಿಮ್ಮ ಕಾರಿನಲ್ಲಿ ಆಗಿರುವುದು ಇದೇ. ಗುಡ್ಡ ಬ್ಯಾಟರಿ, ಕಾಲುವೆ ರೆಸಿಸ್ಟರ್, ನೀರಿನ ಮಟ್ಟ ವೋಲ್ಟೇಜ್. ಕೆಂಪಿನ ಕೋಡಿ ಸುಮಾರು 2 ವೋಲ್ಟಿನಲ್ಲಿದೆ, ಬಿಳಿಯದು ಸುಮಾರು 3ರಲ್ಲಿ.

ಈ ಎತ್ತರವನ್ನು ಗೊತ್ತುಮಾಡುವುದು ಬಣ್ಣ! ಇದನ್ನು ಮೊದಲ ಸಲ ಓದಿದಾಗಿನ ಬೆರಗು ನನಗಿನ್ನೂ ಇಳಿದಿಲ್ಲ. ಎಲ್‌ಇಡಿಯೊಳಗೆ ಎಲೆಕ್ಟ್ರಾನು ಒಂದು ಮೆಟ್ಟಿಲು ಇಳಿದಾಗ ಬೆಳಕಿನ ಒಂದು ಕಣ ಹೊರಬರುತ್ತದೆ. ಮೆಟ್ಟಿಲು ಎತ್ತರವಾದಷ್ಟೂ ಬೆಳಕು ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ. ಬಿಳಿ ಎಲ್‌ಇಡಿಯ ಒಳಗಿರುವುದೂ ನೀಲಿ ಚಿಪ್ಪೇ. ಅದರ ಮೇಲಿನ ಫಾಸ್ಫರ್ ಲೇಪ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ. ದೀಪ ಆರಿಸಿ ನೋಡಿ, ಹಳದಿ ಚುಕ್ಕೆ ಕಾಣುತ್ತದೆ.

ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಬೆಳಗಿಸಿದ್ದರು. ಪ್ರಖರ ನೀಲಿಗೆ ಮಾತ್ರ 1990ರ ದಶಕದವರೆಗೆ ಕಾಯಬೇಕಾಯಿತು. ಗ್ಯಾಲಿಯಂ ನೈಟ್ರೈಡಿನ ಒಳ್ಳೆಯ ಹರಳು ಬೆಳೆಸುವ ಕಷ್ಟಕ್ಕೆ ಸೋತು ಹಲವರು ಕೈಬಿಟ್ಟಿದ್ದರು. ಜಪಾನಿನಲ್ಲಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಪಟ್ಟು ಬಿಡಲಿಲ್ಲ. 2014ರ ಭೌತವಿಜ್ಞಾನದ ನೊಬೆಲ್ ಈ ಮೂವರದು. ನಿಮ್ಮ ಪುಟಾಣಿ ಕಾರಿನ ಮುಂದಿನ ದೀಪ ಅವರ ಕೂಸು.

ಇನ್ನು ಕೆಲಸಕ್ಕೆ ಬನ್ನಿ. ಪ್ರತಿ ಎಲ್‌ಇಡಿಗೂ ಅದರದೇ ಕಾಲುವೆ ತೋಡಬೇಕು. ಬಿಳಿಗೆ 9ರಲ್ಲಿ 3 ಕಳೆದರೆ 6 ವೋಲ್ಟ್ ಉಳಿಯುತ್ತದೆ. 10 ಮಿಲಿಆಂಪಿಯರ್ ಹರಿಯಲಿ ಎಂದರೆ 600 ಓಮ್ ಬೇಕು, ಅಂಗಡಿಯಲ್ಲಿ 680 ಕೇಳಿ. ಕೆಂಪಿಗೆ ಲೆಕ್ಕ 700 ಬರುತ್ತದೆ, ಅದಕ್ಕೂ 680 ನಡೆಯುತ್ತದೆ. ನಾಲ್ಕು ದೀಪಕ್ಕೆ ನಾಲ್ಕು ರೆಸಿಸ್ಟರ್.

ಬಾಡಿ ಮುಚ್ಚುವ ಮೊದಲು ಒಳಮೈಗೆ ಕಪ್ಪು ಬಣ್ಣ ಬಳಿಯಿರಿ. ತೆಳು ಪ್ಲಾಸ್ಟಿಕ್ ಬೆಳಕನ್ನು ತಡೆಯದು, ಬಳಿಯದಿದ್ದರೆ ದೀಪದ ಜೊತೆ ಬಾನೆಟ್ಟೂ ಹೊಳೆಯುತ್ತದೆ.