ಅಂಗೈಗೆ ಬಂದ ದೇವರ ಮೀನು

“ಎಸೀಬೇಡ ಮಗಾ, ಕೈಯನ್ನೇ ನೀರಿಗೆ ಹಿಡಿ” ಎಂದರು ಮೆಟ್ಟಿಲ ಮೇಲೆ ಕೂತಿದ್ದ ಅಜ್ಜ.

ಒಂಬತ್ತು ವರ್ಷದ ನನ್ನ ತಂಗಿಯ ಮಗಳು ಪುರಿಯ ಪೊಟ್ಟಣವನ್ನು ನನಗೆ ಕೊಟ್ಟು, ಒಂದು ಹಿಡಿಯಷ್ಟೇ ಉಳಿಸಿಕೊಂಡು ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೊಗಸೆ ನೀರಿಗಿಳಿಯಿತು. ಕಪ್ಪು ಬೆನ್ನೊಂದು ಮೇಲೆದ್ದಿತು. ಹಿಂದೆಯೇ ಹತ್ತು, ಆಮೇಲೆ ಲೆಕ್ಕ ತಪ್ಪುವಷ್ಟು. ಅವಳ ತೋಳಿನುದ್ದದ ಮೀನೊಂದು ದಪ್ಪ ತುಟಿಯಿಂದ ಅಂಗೈ ತಡವಿ ಪುರಿ ಎಳೆದುಕೊಂಡಿತು. “ಮಾಮ, ಇದಕ್ಕೆ ಹಲ್ಲೇ ಇಲ್ಲ!” ಎಂದು ಕೂಗಿದಳು. ಹಲ್ಲಿದೆ, ಆದರೆ ಗಂಟಲೊಳಗೆ. ಮಹಶೀರ್ ಮೀನಿನ ಜಾತಿಯೇ ಹಾಗೆ.

ಬೇಸಿಗೆ ರಜೆಯಲ್ಲಿ ಮೈಸೂರಿನ ಮೃಗಾಲಯದ ಶಿಬಿರಕ್ಕೆ ಹೋಗಬೇಕೆಂದು ಅವಳು ಹಟ ಹಿಡಿದಿದ್ದಳು. 1892ರಲ್ಲಿ ಶುರುವಾದ ಆ ಮೃಗಾಲಯ ಮಕ್ಕಳಿಗೆ ಪ್ರಾಣಿಗಳ ಆರೈಕೆಯನ್ನು ಹತ್ತಿರದಿಂದ ತೋರಿಸುತ್ತದೆ. ಆ ಶಿಬಿರಕ್ಕೆ ಸೇರಲು ಅವಳಿಗೆ ಇನ್ನೂ ವಯಸ್ಸಾಗಿಲ್ಲ. ಹಾಗಾಗಿ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು, ನೆಲ್ಯಾಡಿ, ಕೊಕ್ಕಡ ದಾಟಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲಕ್ಕೆ ಕರೆತಂದಿದ್ದೆ. ಎತ್ತಿನ ಭುಜ ಬೆಟ್ಟದ ಬುಡದಲ್ಲಿ, ಕಪಿಲಾ ಹೊಳೆಯ ದಡದಲ್ಲಿ ಶಿಶಿಲೇಶ್ವರನ ಗುಡಿಯಿದೆ. ಗುಡಿಯೆದುರಿನ ನೀರೇ ಮತ್ಸ್ಯತೀರ್ಥ. ಇಲ್ಲಿ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ಮೀನು ದೇವರದ್ದು.

ನಮ್ಮ ಹಾಸನ ಜಿಲ್ಲೆಯಲ್ಲೂ ಇಂಥ ತಾಣವೊಂದಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳಿಗೂ ಇದೇ ಅಭಯ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ಕೂಡ. ಕಾನೂನು ಬರುವುದಕ್ಕೆ ಎಷ್ಟೋ ಮೊದಲೇ ಭಕ್ತಿ ಈ ಮಡುಗಳಿಗೆ ಬೇಲಿ ಕಟ್ಟಿತ್ತು.

ಆ ಬೇಲಿಯೂ ಒಮ್ಮೆ ಮುರಿಯಿತು. 1996ರಲ್ಲಿ ಯಾರೋ ಈ ಹೊಳೆಗೆ ವಿಷ ಹಾಕಿದರು. ಅಜ್ಜ ಅದನ್ನು ಹೇಳುವಾಗ ನಮ್ಮ ಕಡೆ ನೋಡಲಿಲ್ಲ, ನೀರನ್ನೇ ನೋಡುತ್ತಿದ್ದರು. “ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲ್ತಾ ಇದ್ವು. ಮನೆಯವರು ಸತ್ತ ಹಾಗೆ ಊರು ಅತ್ತಿತು” ಎಂದರು. ಸತ್ತ ಮೀನುಗಳಿಗಾಗಿ ಇಲ್ಲಿ ಸ್ಮಾರಕವೊಂದು ನಿಂತಿದೆ. ಮಗು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮರಳಿ ಬಂದವಳೇ ಮೆಟ್ಟಿಲ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಕವರ್‌ಗಳನ್ನು ಹೆಕ್ಕತೊಡಗಿದಳು. ಯಾರೂ ಹೇಳಿರಲಿಲ್ಲ. ಅವಳನ್ನು ನೋಡಿ ಬೇರೆ ಮಕ್ಕಳೂ ಸೇರಿಕೊಂಡರು. ಪೊಟ್ಟಣದಲ್ಲಿ ಉಳಿದ ಪುರಿಯನ್ನು ನೀರಿಗೆ ಸುರಿಯಹೋದ ನನ್ನನ್ನು ತಡೆದವಳೂ ಅವಳೇ: “ಸಾಕು ಮಾಮ, ಉಳಿದರೆ ನೀರು ಕೊಳೆಯುತ್ತಂತೆ.” ಅಜ್ಜನ ಪಾಠ ಆಗಲೇ ಅವಳದಾಗಿತ್ತು.

ಈ ಮೀನಿಗೆ ಪುರಿಗಿಂತ ಹೆಚ್ಚಾಗಿ ಬೇಕಾದದ್ದು ಹರಿಯುವ, ತಿಳಿಯಾದ, ತಂಪು ನೀರು. ಮಳೆಗಾಲದಲ್ಲಿ ಹೊಳೆ ಏರಿದಾಗ ಪ್ರವಾಹಕ್ಕೆ ಎದುರಾಗಿ ಈಜಿ, ಮೇಲಿನ ಜಲ್ಲಿಕಲ್ಲಿನ ನೆಲದಲ್ಲಿ ಮೊಟ್ಟೆಯಿಡುತ್ತದೆ. ದಾರಿ ಕಟ್ಟಿದರೆ ವಂಶ ನಿಲ್ಲುತ್ತದೆ. ಕಾವೇರಿ ಸೀಮೆಯ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ.

ಸಂಜೆ ಘಾಟಿ ಹತ್ತಿ ದೋಣಿಗಲ್ ದಾಟುವಾಗ ಎತ್ತಿನಹೊಳೆ ಯೋಜನೆಯ ಕಾಮಗಾರಿ ಕಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಇದರ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದೆ. ನಮ್ಮ ಬೆಟ್ಟದ ಮಳೆನೀರನ್ನು ಎತ್ತಿ ಬಯಲುಸೀಮೆಗೆ ಒಯ್ಯುವ ಯೋಜನೆ. ಅಲ್ಲಿನ ಬಾಯಾರಿಕೆ ಸುಳ್ಳಲ್ಲ. ಮೀನು ಮೇಲೇರುವುದೂ ಅದೇ ಮಳೆಯಲ್ಲಿ ಎಂಬುದನ್ನು ಮರೆಯಬಾರದು.

“ಈ ನೀರು ನಮ್ಮ ಮೀನಿನ ಹತ್ರ ಹೋಗುತ್ತಾ?”

ಇಲ್ಲ ಮಗಳೇ, ಎತ್ತಿನಹೊಳೆ ಗುಂಡ್ಯದ ಕಡೆ ಇಳಿದು ಕುಮಾರಧಾರೆಗೆ ಸೇರುತ್ತದೆ. ಕಪಿಲೆ ನೇತ್ರಾವತಿಗೆ. ಎರಡೂ ಕೂಡುವುದು ಉಪ್ಪಿನಂಗಡಿಯಲ್ಲಿ ಎಂದೆ. “ಹಾಗಾದ್ರೆ ಅಲ್ಲಿರೋದು ಅವುಗಳ ನೆಂಟರು” ಎಂದಳು. ಕಾರಿನ ಕತ್ತಲಲ್ಲಿ ಅಂಗೈಯನ್ನು ಮೂಗಿಗೆ ಹಿಡಿದುಕೊಂಡಿದ್ದಳು. ಮೀನಿನ ವಾಸನೆ ಹೋಗದಿರಲೆಂದು ಆ ರಾತ್ರಿ ಕೈ ತೊಳೆಯದೆಯೇ ಮಲಗಿದಳು.