ಗಾಜು ಗೀರುವ ದೂಳು, ಗಾಜು ಬೆಳಗಿದ ದೂಳು

ಹೊಸಪೇಟೆಯಿಂದ ಚಿತ್ರದುರ್ಗದ ಕಡೆ ಹೊರಟವರಿಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ರಂಗಭೂಮಿಯವರಿಗೆ ಇದು ಕಲಾವಿದೆಯರ ಊರು, ಜೋಗತಿ ಮಂಜಮ್ಮನವರಿಂದ ದೇಶಕ್ಕೇ ಪರಿಚಯವಾದ ಊರು. ಗಾಡಿ ಇಟ್ಟುಕೊಂಡವರಿಗೆ ಮೊದಲು ನೆನಪಾಗುವುದು ಮಾತ್ರ ಇಲ್ಲಿನ ಕೆಂಪು ದೂಳು. ಬಾಗಿಲಿನ ಸಂದಿ, ವೈಪರ್ ಕೆಳಗಿನ ಜಾಲರಿ, ನಂಬರ್ ಪ್ಲೇಟಿನ ಅಂಚು, ಎಲ್ಲೆಲ್ಲಿ ನೀರು ನಿಂತು ಒಣಗುತ್ತದೋ ಅಲ್ಲೆಲ್ಲ ಕುಂಕುಮ ಎಳೆದಂಥ ಗೆರೆ. ಬಿಳಿ ಕಾರು ಕೊಳ್ಳುವ ಮುಂಚೆ ಇಲ್ಲಿಯವರು ಎರಡು ಸಲ ಯೋಚಿಸುವುದು ವಾಸಿ.

ಕಬ್ಬಿಣದ ಅದಿರಿನ ಭರಾಟೆಯ ಕಾಲದಲ್ಲಿ ಈ ರಸ್ತೆಯಲ್ಲಿ ಓಡಾಡಿದವರಿಗೆ ಹೆಚ್ಚು ಹೇಳಬೇಕಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್ ಆಚೀಚೆ ಚೀನಾ ಕೇಳಿದಷ್ಟೂ ಅದಿರು ಇಲ್ಲಿಂದ ಬಂದರುಗಳಿಗೆ ಹೋಯಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. 2013ರ ತೀರ್ಪಿನ ನಂತರ ಮಿತಿ ಹಾಕಿಕೊಂಡು ಮತ್ತೆ ಶುರುವಾಯಿತು. ಈಗ ಲಾರಿಗೆ ತಾಡಪತ್ರಿ ಹೊದಿಸಬೇಕು. ದೂಳು ಕಡಿಮೆಯಾಗಿದೆ, ಹೋಗಿಲ್ಲ.

ಈ ದೂಳಿನಲ್ಲಿ ಏನಿದೆ ಎಂದು ತಿಳಿದರೆ ಕಾರ್ ಪಾಲಿಶ್ ಮಾರುವ ಅಂಗಡಿಯ ಕಪಾಟಿನಲ್ಲಿರುವ ಬಾಟಲಿಗಳಲ್ಲಿ ಅರ್ಧದಷ್ಟು ಯಾಕೆ ಹುಟ್ಟಿದವು ಎಂಬುದೂ ತಿಳಿಯುತ್ತದೆ. ಸಂಡೂರು ಬೆಟ್ಟಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದು ಇಲ್ಲಿ ಬೆಣಚುಕಲ್ಲಿನ ಜೊತೆ ಪಟ್ಟೆಪಟ್ಟೆಯಾಗಿ ಬೆಸೆದುಕೊಂಡಿರುತ್ತದೆ. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಗಾಜು ಸುಮಾರು 5.5, ಹೆಮಟೈಟ್ ಐದರಿಂದ ಆರೂವರೆ, ಬೆಣಚು 7. ಎಂದರೆ ಒಂದು ಕಣ ಗಾಜಿಗೆ ಸರಿಸಮ, ಇನ್ನೊಂದು ಗಾಜಿಗಿಂತ ಗಟ್ಟಿ. ಒಣಗಿದ ಗಾಜಿನ ಮೇಲೆ ವೈಪರ್ ಒಂದು ಸಲ ಆಡಿತೆಂದರೆ ರಬ್ಬರಿನ ಅಡಿಗೆ ಸಿಕ್ಕ ಕಣ ಬಿಲ್ಲಿನಾಕಾರದ ಗೀರು ಎಳೆಯುತ್ತದೆ. ಹಗಲು ಅದು ಕಾಣುವುದಿಲ್ಲ. ರಾತ್ರಿ ಎದುರಿಗೆ ಟಿಪ್ಪರ್ ಬಂದಾಗ ಅದರ ಹೆಡ್‌ಲೈಟಿಗೆ ಒಂದೊಂದು ಗೀರೂ ಹೊತ್ತಿಕೊಂಡು, ರಸ್ತೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ವೈಪರನ್ನು ಯೋಚಿಸಿದ ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದದ್ದು ನ್ಯೂಯಾರ್ಕಿನ ಹಿಮಮಳೆಯಲ್ಲಿ ಟ್ರಾಮ್ ಚಾಲಕ ಪಡುತ್ತಿದ್ದ ಪಾಡನ್ನು ನೋಡಿ. ಅದಿರಿನ ದೂಳು ಆಕೆಯ ಲೆಕ್ಕದಲ್ಲಿ ಇರಲಿಲ್ಲ.

ಇಷ್ಟು ಗೀರುವ ಇದೇ ವಸ್ತು ಶತಮಾನಗಳ ಕಾಲ ಲೋಕದ ಗಾಜನ್ನೆಲ್ಲ ಬೆಳಗಿತು ಎಂದರೆ ನಂಬುವುದು ಕಷ್ಟ. ಕಬ್ಬಿಣದ ಆಕ್ಸೈಡನ್ನು ನುಣ್ಣಗೆ ಮಾಡಿದರೆ ಸಿಗುವ ಕೆಂಪು ಪುಡಿಗೆ ರೂಜ್ ಎಂದು ಹೆಸರು. ಚಿನ್ನ ಬೆಳ್ಳಿಗೆ ಕೊನೆಯ ಹೊಳಪು ಕೊಡುವುದು ಅದು. ದೂರದರ್ಶಕದ ಕನ್ನಡಿ, ಮಸೂರಗಳನ್ನು ಉಜ್ಜಿದ್ದೂ ಅದೇ. ಕಾರು, ಅಂಗಡಿಗಳ ದಪ್ಪ ಗಾಜನ್ನು ಕಾರ್ಖಾನೆಯಲ್ಲಿ ಮೊದಲು ಮರಳಿನಿಂದ ತೇಯ್ದು, ಆಮೇಲೆ ರೂಜ್ ಹಚ್ಚಿದ ಉಣ್ಣೆಯ ಗಾಲಿಗಳಿಂದ ಉಜ್ಜುತ್ತಿದ್ದರು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ನುಣುಪು ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿದ ಮೇಲೆಯೇ ಈ ತೇಯುವ ಕೆಲಸ ಮೂಲೆಗೆ ಸರಿದದ್ದು. ಗಾಜು ಉಜ್ಜುವವರು ಈಗ ಬಳಸುವುದು ಸೀರಿಯಮ್ ಆಕ್ಸೈಡ್. ನೀರಿನಲ್ಲಿ ಕಲಸಿ, ಫೆಲ್ಟ್ ಪ್ಯಾಡಿಗೆ ಹಚ್ಚಿ, ಗಾಜು ಬಿಸಿಯಾಗದಂತೆ ನೀರು ಚಿಮುಕಿಸುತ್ತ ತಿರುಗಿಸುತ್ತಾರೆ. ಸಣ್ಣ ಗೀರು ಹೋಗುತ್ತದೆ. ಉಗುರಿಗೆ ತಗಲುವಷ್ಟು ಆಳದ್ದು ಹೋಗದು. ಹಟ ಹಿಡಿದು ಉಜ್ಜಿದರೆ ಆ ಜಾಗ ತಗ್ಗಾಗಿ ಎದುರಿನ ರಸ್ತೆಯೇ ಸೊಟ್ಟ ಕಾಣತೊಡಗುತ್ತದೆ. ರೂಜಿಗೂ ರಸ್ತೆಯ ದೂಳಿಗೂ ಇರುವ ವ್ಯತ್ಯಾಸ ಇಷ್ಟೇ: ರೂಜ್‌ನಲ್ಲಿ ಕಣಗಳೆಲ್ಲ ಅತಿ ಸಣ್ಣವು, ಸಮನಾದವು, ರಸ್ತೆಯ ದೂಳಿನಲ್ಲಿ ಎಲ್ಲ ಅಳತೆಯವೂ ಇವೆ, ಜೊತೆಗೆ ಬೆಣಚು.

ಗಾಡಿಯ ಬಣ್ಣದ ಕತೆ ಬೇರೆ ದಾರಿ ಹಿಡಿಯಿತು. ಇವತ್ತು ಮೆಗ್ವಯರ್ಸ್ ಹೆಸರಿನಲ್ಲಿ ಸಿಗುವ ಪಾಲಿಶ್ 1901ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಪೀಠೋಪಕರಣಕ್ಕೆಂದು ಹುಟ್ಟಿದ್ದು. ಆಗಿನ ಗಾಡಿಯ ಮೈ ಮರದ್ದಲ್ಲವೇ! ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣ ಆಮೇಲೆ ಕಾರಿಗೂ ಬಂತು. 1941ರಲ್ಲಿ ಷಿಕಾಗೋದ ಬೆನ್ ಹಿರ್ಷ್ ಶುರು ಮಾಡಿದ ಪಾಲಿಶ್ ಮುಂದೆ ಟರ್ಟಲ್ ವ್ಯಾಕ್ಸ್ ಆಯಿತು. ನಮ್ಮಲ್ಲಿ ಅಂಬಾಸಿಡರ್ ಕಾಲದ ಬಣ್ಣಕ್ಕೆ ಮೇಲೊಂದು ಪಾರದರ್ಶಕ ಪದರ ಇರಲಿಲ್ಲ. ಪಾಲಿಶ್ ಹಾಕಿದ ಬಟ್ಟೆ ಕಾರಿನ ಬಣ್ಣಕ್ಕೇ ತಿರುಗುತ್ತಿತ್ತು, ಆದರೂ ಬಣ್ಣ ದಪ್ಪಗಿದ್ದುದರಿಂದ ತಡೆಯುತ್ತಿತ್ತು. ಈಗಿನ ಕಾರಿನ ಹೊಳಪೆಲ್ಲ ಮೇಲಿನ ಕ್ಲಿಯರ್ ಕೋಟಿನದು. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪ್ರತಿ ಹಬ್ಬಕ್ಕೂ ರಬ್ಬಿಂಗ್ ಮಾಡಿಸುವವರು ಪ್ರತಿ ಸಲವೂ ಅದರಲ್ಲಿ ಒಂದಿಷ್ಟು ಕಳೆದುಕೊಳ್ಳುತ್ತಾರೆ.

ನಮ್ಮ ಸೀಮೆಗೆ ನಿಜವಾಗಿ ಹತ್ತಿರದ ವಸ್ತು ಜಪಾನಿನಿಂದ ಬಂತು. ರೈಲು ಹಳಿಯ ಪಕ್ಕ ನಿಂತ ಹೊಸ ಕಾರುಗಳ ಮೇಲೆ, ಹಳಿ ಮತ್ತು ಬ್ರೇಕಿನಿಂದ ಸಿಡಿದ ಕಬ್ಬಿಣದ ಪುಡಿ ಅಂಟಿ, ತುಕ್ಕು ಹಿಡಿದು, ಎಷ್ಟು ತೊಳೆದರೂ ಬಿಡುತ್ತಿರಲಿಲ್ಲ. ಅದನ್ನು ಎಳೆದು ತೆಗೆಯಲು ತಡಾವೊ ಕೊಡಾಟೆ ಎಂಬವರು ಜೇಡಿಯಂಥ ಮೆತ್ತನೆಯ ಮುದ್ದೆ ಮಾಡಿದರು. ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕದ್ದು 1995ರಲ್ಲಿ. ಕ್ಲೇ ಬಾರ್ ಎಂದು ಮಾರುವುದು ಅದನ್ನೇ. ತೊಳೆದು ಒಣಗಿಸಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲ ಹಾಕಿದ ಕೈಯನ್ನು ಸವರಿ ನೋಡಿ: ಬರಿಗೈಗೆ ನುಣುಪೆನಿಸಿದ್ದು ಚೀಲದೊಳಗಿನಿಂದ ರವೆಯಂತೆ ತಾಗಿದರೆ ಕ್ಲೇ ಬೇಕು. ಸೋಪಿನ ನೀರು ಧಾರಾಳವಾಗಿ ಚಿಮುಕಿಸಿ, ಒತ್ತದೆ ಜಾರಿಸಬೇಕು. ಕೊಳೆಯಾದ ಮುಖ ಒಳಗೆ ಹೋಗುವಂತೆ ಆಗಾಗ ಮಡಿಸಿ ನಾದಬೇಕು. ನೆಲಕ್ಕೆ ಬಿದ್ದರೆ ಎಸೆಯಬೇಕು. ನಮ್ಮ ನೆಲದ ಮಣ್ಣು ಮೆತ್ತಿದ ಕ್ಲೇ ಸ್ಯಾಂಡ್ ಪೇಪರೇ ಸರಿ.

ಇಂಥ ಕಬ್ಬಿಣದ ಪುಡಿಯನ್ನು ಕರಗಿಸಲೆಂದು, ಸಿಂಪಡಿಸಿದರೆ ನೇರಳೆ ಬಣ್ಣ ಹರಿಯುವ ದ್ರಾವಣಗಳೂ ಈಗ ಸಿಗುತ್ತವೆ. ಅದರೊಳಗಿನದು ಥಯೋಗ್ಲೈಕೊಲೇಟ್, ಕೂದಲು ತೆಗೆಯುವ ಕ್ರೀಮಿನ ಸಂಬಂಧಿ. ಕೊಳೆತ ಮೊಟ್ಟೆಯ ವಾಸನೆ ಅದಕ್ಕೇ. ಬ್ರೇಕಿನಿಂದ ಹಾರಿ ಚಕ್ರದ ರಿಮ್ಮಿಗೆ ಕಚ್ಚಿದ ಕಬ್ಬಿಣಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗಟ್ಟಿ ಅದಿರಿನ ಕಣ ಅಷ್ಟು ಸುಲಭಕ್ಕೆ ಕರಗುವಂಥದ್ದಲ್ಲ. ಇಲ್ಲಿ ಆ ನೇರಳೆ ಬಣ್ಣಕ್ಕೆ ಮರುಳಾಗಿ ದುಡ್ಡು ಸುರಿಯುವ ಮುಂಚೆ ಬರಿ ನೀರಿನ ಪೈಪನ್ನು ನಂಬುವುದು ಲೇಸು.

ಲಾರಿಯವರ ವೈದ್ಯ ಬೇರೆ. ಮಳೆಯಲ್ಲಿ ವೈಪರ್ ಕೈಕೊಟ್ಟರೆ ಬೀಡಿಯ ತಂಬಾಕನ್ನೋ ಹೆಚ್ಚಿದ ಆಲೂಗಡ್ಡೆಯನ್ನೋ ಗಾಜಿಗೆ ಉಜ್ಜುತ್ತಾರೆ. ನೀರು ಹನಿಗಟ್ಟದೆ ತೆಳ್ಳಗೆ ಹರಡುತ್ತದೆ, ದಾರಿ ಕಾಣುತ್ತದೆ. 1972ರಲ್ಲಿ ಬಂದ ರೇನ್-ಎಕ್ಸ್ ಇದರ ತದ್ವಿರುದ್ಧ: ಹನಿಗಟ್ಟಿಸಿ ಗಾಳಿಗೆ ಉರುಳಿಸಿಬಿಡುತ್ತದೆ. ಎರಡೂ ನಡೆಯುತ್ತವೆ. ಆದರೆ ಡೀಸೆಲಿನಲ್ಲಿ ಅದ್ದಿದ ಬಟ್ಟೆಯಿಂದ ಗಾಡಿಯ ಮೈ ಒರೆಸುವ ಚಾಳಿ ಬಿಡಬೇಕು. ಆ ಹೊತ್ತಿಗೆ ಮಿಂಚುತ್ತದೆ, ಮರುದಿನಕ್ಕೆ ಇಡೀ ಹೆದ್ದಾರಿಯ ದೂಳನ್ನು ಮೈಗೆ ಅಂಟಿಸಿಕೊಂಡಿರುತ್ತದೆ.

ಇನ್ನು ಬೋರ್‌ವೆಲ್ ನೀರು. ಸುಣ್ಣದ ಅಂಶ ಜಾಸ್ತಿ ಇದ್ದಲ್ಲಿ, ಬಿಸಿಲಿಗೆ ತೊಳೆದು ಹಾಗೇ ಬಿಟ್ಟರೆ ಗಾಜಿನ ತುಂಬ ಬಿಳಿ ಚುಕ್ಕೆ. ಹೊಸದಾಗಿದ್ದಾಗ ನೀರು ಬೆರೆಸಿದ ವಿನೆಗರ್ ಸಾಕು. ತಿಂಗಳುಗಟ್ಟಲೆ ಬಿಟ್ಟರೆ ಪಾಲಿಶೇ ಗತಿ.

ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್ ಮುಂದೆ ಗಾಡಿಗಳ ಸಾಲು ನಿಲ್ಲುತ್ತದೆ. ಹುಡುಗರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ಗಡಿಬಿಡಿಯಲ್ಲಿ, ಇಡೀ ದಿನ ಹತ್ತಾರು ಗಾಡಿ ಒರೆಸಿದ ಬನಿಯನ್ ವೇಸ್ಟಿನ ಅದೇ ಉಂಡೆ ನಿಮ್ಮ ಗಾಜಿಗೂ ಬರುತ್ತದೆ. ಶಾಂಪೂ ಯಾವ ಕಂಪನಿಯದು ಎಂದು ಕೇಳುವುದು ಆಮೇಲಿರಲಿ. ಮೊದಲು ಮೇಲಿನಿಂದ ಕೆಳಕ್ಕೆ ಬರಿ ನೀರು ಹಾಯಿಸಲು ಹೇಳಿ, ಕೆಂಪು ನೀರು ಹರಿಯುವುದು ನಿಲ್ಲುವವರೆಗೆ ಬಟ್ಟೆ ತಾಗಿಸಬೇಡಿ ಎನ್ನಿ. ಒರೆಸುವುದಕ್ಕೆ ಮನೆಯಿಂದಲೇ ಎರಡು ಮೈಕ್ರೋಫೈಬರ್ ಬಟ್ಟೆ ಒಯ್ಯಿರಿ, ಗಾಜಿಗೊಂದು, ಬಣ್ಣಕ್ಕೊಂದು.