ಗಿಡ ಬಂತು, ಅದರ ಹುಳ ಬರಲಿಲ್ಲ

ನಿಪ್ಪಾಣಿ ಸುತ್ತಲಿನ ಹೊಲಗಳಲ್ಲಿ ಹೊಗೆಸೊಪ್ಪಿನ ಹೂ ಕಾಣಿಸುವುದು ಕಡಿಮೆ. ಮೊಗ್ಗು ಮೂಡುತ್ತಿದ್ದಂತೆ ರೈತರು ಕುಡಿ ಚಿವುಟುತ್ತಾರೆ. ಬೀಜಕ್ಕೆ ಹೋಗಬೇಕಿದ್ದ ಸತ್ವ ಎಲೆಗೆ ಇಳಿಯುತ್ತದೆ. ಎಲೆ ದಪ್ಪಗಾಗುತ್ತದೆ, ಅದರಲ್ಲಿ ನಿಕೋಟಿನ್ ಏರುತ್ತದೆ. ಬೀಡಿ ತಂಬಾಕಿನ ಪೇಟೆಯೆಂದು ಈ ಊರಿಗೆ ಹೆಸರು ತಂದ ಗಿಡ ಅಮೆರಿಕ ಖಂಡದ್ದು. ಉಗಾರದ ಕಾರ್ಖಾನೆಗೆ ಸಾಗುವ ಕಬ್ಬಿನ ಮೂಲ ನ್ಯೂಗಿನಿ ದ್ವೀಪ. ರಾಯಬಾಗ, ಅಥಣಿ ಕಡೆಯ ಗೋವಿನಜೋಳ ಮೆಕ್ಸಿಕೊದಿಂದ ಬಂದದ್ದು. ಊಟದ ತಟ್ಟೆಯಲ್ಲಿರುವ ಪರದೇಶಿ ಗಿಡಗಳ ಕಥೆಯನ್ನು ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಹೇಳಿದ್ದಾರೆ. ಅದೇ ಕುತೂಹಲದಿಂದ ಸಂಜೆ ಊರಲ್ಲಿ ಒಂದು ಸುತ್ತು ಹಾಕಿದರೆ ಬೀದಿಬದಿಯ ಹೂಮರಗಳು ಇನ್ನೂ ದೊಡ್ಡ ಭೂಪಟವನ್ನು ತೆರೆದಿಡುತ್ತವೆ.

ಸಸ್ಯವೊಂದು ಹಡಗು ಹತ್ತಿ ಬರುವಾಗ ಬೀಜವಾಗಿಯೋ ಕಡ್ಡಿಯಾಗಿಯೋ ಬರುತ್ತದೆ. ಅದರ ಪರಾಗ ಹೊರುವ ಕೀಟ, ಅದರ ಎಲೆ ತಿನ್ನುವ ಹುಳ ಎರಡೂ ತವರಿನಲ್ಲೇ ಉಳಿಯುತ್ತವೆ. ಹೊಸ ನೆಲದಲ್ಲಿ ಆ ಗಿಡ ಮನುಷ್ಯನ ಕೈಯನ್ನೇ ನಂಬಿ ಬಾಳುತ್ತದೋ, ಊರಿನ ಕೀಟಗಳ ಜೊತೆ ಹೊಂದಿಕೊಳ್ಳುತ್ತದೋ, ಇಲ್ಲ ಎಲ್ಲವನ್ನೂ ನುಂಗಿ ಹಬ್ಬುತ್ತದೋ ಎಂಬುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಬೀದಿಯಲ್ಲಿ ಏನು ನೆಡಬೇಕು, ಏನು ನೆಡಬಾರದು ಎಂಬ ತೀರ್ಮಾನಕ್ಕೆ ಹೂವಿನ ಬಣ್ಣಕ್ಕಿಂತ ಇದು ಮುಖ್ಯವೆಂದು ನಾನು ನಂಬಿದ್ದೇನೆ.

ಮೇ ತಿಂಗಳ ಬಿಸಿಲಲ್ಲಿ ಚಿಕ್ಕೋಡಿಯ ರಸ್ತೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಗುಲ್‌ಮೊಹರ್. ಇದು ಮಡಗಾಸ್ಕರ್ ದ್ವೀಪದ ಮರ. ವೆನ್ಸೆಸ್ಲಾಸ್ ಬೋಯರ್ ಎಂಬ ಸಸ್ಯವಿಜ್ಞಾನಿ 1829ರಲ್ಲಿ ಅದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಮಡಗಾಸ್ಕರ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಬೇಸಿಗೆ ಏರುವುದು ವರ್ಷದ ಕೊನೆಗೆ. ನಾವು ಮೇ ತಿಂಗಳ ಹೂ ಎನ್ನುವ ಈ ಮರ ಆ ಕಡೆಯ ದ್ವೀಪಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅರಳುತ್ತದೆ. ಅದು ಪಂಚಾಂಗ ನೋಡಿ ಅರಳುವ ಮರವಲ್ಲ. ಒಣಹವೆ ಮುಗಿದು ಮಳೆ ಹತ್ತಿರವಾಗುವ ಕಾಲವನ್ನು ಗುರುತಿಸಿ ಅರಳುತ್ತದೆ. ಕಾಯಿ ಹೇರಳವಾಗಿ ಬಿಟ್ಟರೂ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ, ನರ್ಸರಿಯವರು ಅದನ್ನು ಉಜ್ಜಿಯೋ ಬಿಸಿನೀರಲ್ಲಿ ನೆನೆಸಿಯೋ ಮೊಳಕೆ ಬರಿಸುತ್ತಾರೆ. ಆದ್ದರಿಂದ ಇದು ನಮ್ಮ ಬಯಲನ್ನು ಆಕ್ರಮಿಸಿಲ್ಲ. ಇದರ ದೋಷ ಬೇರೆ: ಬೇರು ಮೇಲ್ಮೇಲೆ ಹರಡುತ್ತದೆ, ಕೊಂಬೆ ಪೆಡಸು. ಅಡ್ಡಮಳೆಯ ಗಾಳಿಗೆ ಮುರಿದು ಬೀಳುವ ಈ ಮರ ಬಸ್ ನಿಲ್ದಾಣಕ್ಕೂ ವಿದ್ಯುತ್ ತಂತಿಯ ಕೆಳಗೂ ತಕ್ಕದ್ದಲ್ಲ.

ಮಳೆಮರದ ಎಲೆಗಳನ್ನು ಸಂಜೆ ಹೊತ್ತು ನೋಡಬೇಕು. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗದ ಈ ಮರ ಕತ್ತಲಾಗುತ್ತಲೇ ಎಲೆ ಮಡಿಸುತ್ತದೆ. ಪ್ರತಿ ಎಲೆಯ ಬುಡದಲ್ಲೊಂದು ಉಬ್ಬು ಗಂಟಿದೆ. ಆ ಗಂಟಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹೋದರೆ ನೀರೂ ಹಿಂಬಾಲಿಸುತ್ತದೆ; ಆ ಬದಿ ಸಡಿಲಾಗಿ, ಎದುರು ಬದಿ ಬಿಗಿದು ಎಲೆ ಬಾಗುತ್ತದೆ. ಮೋಡ ಕವಿದರೂ ಹೀಗೆಯೇ ಆಗುತ್ತದೆ. ಇದರ ಸಿಹಿ ಕಾಯಿಯ ಬೀಜ ಸಾಗಿಸಲು ಇಲ್ಲಿ ಆಡು, ದನಗಳು ಸಿಕ್ಕವು.

ಗುಡಿ, ಮಠ, ದರ್ಗಾಗಳ ಅಂಗಳದ ದೇವಗಣಗಿಲೆ, ಮರಾಠಿಯವರ ಚಾಫಾ, ಮೆಕ್ಸಿಕೊ ಮತ್ತು ಕೆರಿಬಿಯನ್ ಸೀಮೆಯದು. ರಾತ್ರಿ ಹೊತ್ತು ಅದರ ಪರಿಮಳ ಹೆಚ್ಚುತ್ತದೆ. ಆ ಪರಿಮಳಕ್ಕೆ ಮರುಳಾಗಿ ಉದ್ದ ನಾಲಗೆಯ ಹಾಕ್ ಪತಂಗ ಬರುತ್ತದೆ, ಒಂದರ ನಂತರ ಒಂದು ಹೂವನ್ನು ತಡಕುತ್ತದೆ. ಹೂವಿನೊಳಗೆ ಮಕರಂದವೇ ಇಲ್ಲ. ಹುಡುಕುವ ಗಡಿಬಿಡಿಯಲ್ಲಿ ಪರಾಗ ಮಾತ್ರ ಸಾಗುತ್ತದೆ. ನಮ್ಮಲ್ಲಿ ಇದು ಕಾಯಿ ಕಟ್ಟುವುದು ಅಪರೂಪ. ನೂರಾರು ವರ್ಷ ಇದನ್ನು ಉಳಿಸಿದ್ದು ಕೊಂಬೆ ಕಡಿದು ಊರಿದ ಭಕ್ತರ ಕೈ.

ನಾಗಲಿಂಗ ಪುಷ್ಪದ ಸಂಗತಿ ನನಗೆ ಎಲ್ಲಕ್ಕಿಂತ ಬೆರಗಿನದು. ಅಥಣಿಯ ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳು ನೆಲೆಸಿದ್ದ ಈ ಸೀಮೆಯಲ್ಲಿ, ಲಿಂಗವನ್ನು ಹೊತ್ತು ಅರಳುವ ಹೂವಿಗೆ ಭಕ್ತಿಯ ಗೌರವ ಸಿಗುವುದು ಸಹಜ. ಆದರೆ ಬಸವಣ್ಣನವರ ಕಾಲಕ್ಕೆ ಈ ಮರ ನಮ್ಮ ನಾಡಿನಲ್ಲಿರಲಿಲ್ಲ. ಇದು ದಕ್ಷಿಣ ಅಮೆರಿಕದ ಕಾಡಿನದು. ಫ್ರೆಂಚ್ ಸಸ್ಯವಿಜ್ಞಾನಿ ಓಬ್ಲೆ 1775ರಲ್ಲಿ ಗಯಾನಾದ ಗಿಡಗಳ ಜೊತೆ ಇದನ್ನು ವರ್ಣಿಸಿದರು. ಹೂ ಅರಳುವುದು ಕೊಂಬೆಯ ತುದಿಯಲ್ಲಲ್ಲ, ಕಾಂಡದಿಂದಲೇ ಜೋತುಬಿದ್ದ ಗೊಂಚಲಿನಲ್ಲಿ. ನಡುವೆ ಲಿಂಗದಂತೆ ಕಾಣುವುದು ಅಂಡಾಶಯ. ಅದರ ಸುತ್ತ ಉಂಗುರದಂತೆ ನಿಂತ ಕೇಸರಗಳು ಒಂದು ಬಗೆ, ಹೆಡೆಯಂತೆ ಬಾಗಿದವು ಇನ್ನೊಂದು ಬಗೆ. ಹೆಡೆಯ ಪರಾಗ ಸಂತಾನಕ್ಕೆ ಒದಗದು. ಅದು ಬಂದ ದುಂಬಿಗೆ ಊಟ. ದುಂಬಿ ಅದನ್ನು ಕೂಡಿಸಿಕೊಳ್ಳುತ್ತಿರುವಾಗ ಉಂಗುರದ ಫಲವತ್ತಾದ ಪರಾಗ ಅದರ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಈ ಹೂವಿನಲ್ಲೂ ಮಕರಂದವಿಲ್ಲ, ಆದರೆ ಇಲ್ಲಿ ಮೋಸವೂ ಇಲ್ಲ. ಮರ ಕೊರೆದು ಗೂಡು ಮಾಡುವ ಕಪ್ಪು ಬಡಗಿ ದುಂಬಿಗಳು ತವರಿನಲ್ಲೂ ಇದಕ್ಕೆ ಬರುತ್ತವೆ, ನಮ್ಮಲ್ಲೂ ಬರುತ್ತವೆ. ಅಂಗಳದಲ್ಲಿ ಈ ಮರವಿರುವವರು ಬೆಳಗಿನ ಜಾವ ಅದರ ಕೆಳಗೆ ಸ್ವಲ್ಪ ಹೊತ್ತು ನಿಲ್ಲಬೇಕು.

ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲೂ ಮನೆಗಳ ಕಾಂಪೌಂಡಿನ ಮೇಲೂ ಹಬ್ಬಿದ ಕಾಗದದ ಹೂ, ಬೋಗನ್‌ವಿಲ್ಲಾ, ಬ್ರೆಜಿಲ್ ಕಡೆಯದು. 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಇದನ್ನು ಸಂಗ್ರಹಿಸಿದ್ದು ಕಾಮರ್ಸನ್ ಎಂಬ ಸಸ್ಯವಿಜ್ಞಾನಿಯ ತಂಡ. ಹಡಗಿನಲ್ಲಿ ಹೆಂಗಸರಿಗೆ ಅವಕಾಶವಿಲ್ಲದ ಕಾಲದಲ್ಲಿ ಗಂಡುವೇಷ ಹಾಕಿಕೊಂಡು ಅವರಿಗೆ ಸಹಾಯಕಿಯಾಗಿದ್ದವರು ಜಾನ್ ಬಾರೆ. ಮುಂದೆ ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆಯೆಂದು ಅವರ ಹೆಸರು ಉಳಿಯಿತು. ಬಣ್ಣದ ಪಕಳೆಯಂತೆ ಕಾಣುವುದು ಇಲ್ಲಿ ಎಲೆ. ನಿಜವಾದ ಹೂ ಒಳಗಿನ ಸಣ್ಣ ಬಿಳಿ ಕೊಳವೆ. ಬೀಟ್‌ರೂಟಿನಲ್ಲಿರುವ ಬೀಟಲೇನ್ ಬಣ್ಣಗಳೇ ಈ ಎಲೆಯಲ್ಲೂ ಇವೆ. ಇದೂ ಕಡ್ಡಿಯಿಂದಲೇ ಬೆಳೆಯುವ ಗಿಡ. ಬೇಲಿ ದಾಟಿ ಹೊಲಕ್ಕೆ ನುಗ್ಗುವುದಿಲ್ಲ.

ಲಂಟಾನ ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೋಲ್ಕತ್ತದ ತೋಟಕ್ಕೆ ಅಲಂಕಾರಕ್ಕೆಂದು ಬಂದ ಈ ಪೊದೆ ಇಂದು ದೇಶದ ಕಾಡುಗಳನ್ನೇ ಮುಚ್ಚಿದೆ. ಅದರ ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಹೂಗಳು ಏಕಿರುತ್ತವೆ ಎಂಬುದನ್ನು ಬಿಡಿಸಿದವರಲ್ಲಿ ಒಬ್ಬರು ಕನ್ನಡಿಗರು. ಮೈಸೂರಿನಲ್ಲಿ ಹುಟ್ಟಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಚ್.ವೈ. ಮೋಹನ್ ರಾಮ್ ಅವರು ಗೀತಾ ಮಾಥುರ್ ಅವರೊಂದಿಗೆ 1978ರಲ್ಲಿ ಇದನ್ನು ಪ್ರಕಟಿಸಿದರು. ಹೊಸ ಹೂ ಹಳದಿ. ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಹಳದಿಗೇ ಒಲಿಯುತ್ತವೆ. ಪರಾಗಸ್ಪರ್ಶವಾದ ಮೇಲೆ ಬಣ್ಣ ಕೆಂಪಿಗೆ ತಿರುಗುತ್ತದೆ, ಕೀಟ ಮುಂದಿನ ಹಳದಿ ಹೂವಿಗೆ ಹೋಗುತ್ತದೆ. ಹಣ್ಣಾದ ಮೇಲೆ ಬೀಜ ಸಾಗಿಸಲು ಪಿಕಳಾರದಂಥ ಹಕ್ಕಿಗಳಿವೆ. ಕೆಲಸಕ್ಕೆ ಎಲ್ಲರೂ ಸಿಕ್ಕರು, ತವರಿನ ಶತ್ರು ಮಾತ್ರ ಜೊತೆಗೆ ಬರಲಿಲ್ಲ.

ಕಾಂಗ್ರೆಸ್ ಹುಲ್ಲಿನದೂ ಇದೇ ಹಾದಿ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಅದನ್ನು ಗುರುತಿಸಲಾಯಿತು. ಅಲ್ಲಿಂದ ನಮ್ಮ ಗಡಿ ಎಷ್ಟು ದೂರ? ಗಾಳಿ, ಲಾರಿ, ಹೊಳೆಯ ನೀರು ಎಲ್ಲವೂ ಅದರ ಬೀಜ ಹೊರುತ್ತವೆ. ಕೊನೆಗೆ ವಿಜ್ಞಾನಿಗಳು ಅದರ ತವರಿನ ಶತ್ರುವನ್ನೇ ಕರೆತಂದರು: ಮೆಕ್ಸಿಕೊದ ಎಲೆ ತಿನ್ನುವ ಜೀರುಂಡೆಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಅದು ಮಳೆಗಾಲದಲ್ಲಿ ಗಿಡವನ್ನು ಬೋಳು ಮಾಡಿದರೂ ಪೂರ್ತಿ ಅಳಿಸಲಾರದು. ಬಂದ ಮೇಲೆ ಓಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಲಂಟಾನದ ಜೊತೆ ಇನ್ನೆರಡು ಪರಿಚಿತ ಹೆಸರುಗಳಿವೆ: ಸುಬಾಬುಲ್ ಮತ್ತು ನೀರುಕಾಯಿ ಮರ. ಮೊಗ್ಗು ಹಿಚುಕಿ ಮಕ್ಕಳು ನೀರು ಚಿಮ್ಮಿಸುವ ಈ ಆಫ್ರಿಕದ ಮರದ ಕೇಸರಿ ಹೂ ಚೆಂದವೇ. ಆದರೆ ಅದರ ಹೂಬಟ್ಟಲಿನೊಳಗೆ ಸಣ್ಣ ಜೇನುಗಳು ಸತ್ತು ಬಿದ್ದಿರುವುದನ್ನು ಬ್ರೆಜಿಲ್‌ನ ವಿಜ್ಞಾನಿಗಳು ದಾಖಲಿಸಿದ್ದಾರೆ. ರೆಕ್ಕೆಯ ಬೀಜ ಗಾಳಿಯಲ್ಲಿ ದೂರ ಹಾರುತ್ತದೆ.

ಪರದೇಶದ್ದೆಲ್ಲ ಬೇಡವೆಂಬುದು ನನ್ನ ಮಾತಲ್ಲ. ಹುಣಸೆಯೂ ಬಹು ಹಿಂದೆ ಆಫ್ರಿಕದಿಂದ ಬಂದದ್ದೇ, ಅದಿಲ್ಲದೆ ನಮ್ಮ ಸಾರಿಲ್ಲ. ನಾಗಲಿಂಗ, ದೇವಗಣಗಿಲೆ, ಕಾಗದದ ಹೂ ಇರಲಿ. ಈ ಮುಂಗಾರಿಗೆ ಶಾಲೆ, ಪುರಸಭೆ, ಬಡಾವಣೆಗಳಲ್ಲಿ ಸಸಿ ನೆಡುವವರು ನೀರುಕಾಯಿ, ಸುಬಾಬುಲ್, ಲಂಟಾನಗಳನ್ನು ಬಿಟ್ಟು, ಅದೇ ಗುಂಡಿಗೆ ಒಂದು ಕಕ್ಕೆ, ಒಂದು ಹೊಂಗೆ, ಒಂದು ಮುತ್ತುಗ ಹಾಕಿ. ಇವುಗಳ ಹುಳ, ಹಕ್ಕಿ, ದುಂಬಿ ಎಲ್ಲವೂ ಈ ಊರಲ್ಲಿ ಮೊದಲಿನಿಂದಲೇ ಇವೆ.